ಮೆಕ್ಯಾನಿಕ್ ಮುಂದೆ ಮಾತ್ರ ಓಡುವ ಕಾರು

ನಮ್ಮ ಅಂಬಾಸಿಡರ್ ಸ್ಟಾರ್ಟ್ ಆಗುವುದರಲ್ಲಿ ಎಂದೂ ಸತಾಯಿಸಿದ್ದಿಲ್ಲ. ಕೀಲಿ ತಿರುವಿದರೆ ಒಂದೇ ಸಲಕ್ಕೆ ಏಳುತ್ತಿತ್ತು. ಮನೆ ಬಿಟ್ಟು, ಶರಣಬಸವೇಶ್ವರ ಗುಡಿಯ ಕೆರೆ ದಂಡೆ ದಾಟಿ, ಹುಮನಾಬಾದ್ ರಸ್ತೆಗೆ ಬಿದ್ದು ಒಂದಿಷ್ಟು ದೂರ ಹೋಗುವಷ್ಟರಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ತಳ್ಳಲು ಬಂದವರೆಲ್ಲ ಮೊದಲು ಉಪದೇಶ ಮಾಡುತ್ತಿದ್ದರು. "ಮಾರಿ ಬಿಡ್ರಿ ಅಕ್ಕಾರೆ, ಯಾಕ ಇಟ್ಕೊಂಡೀರಿ ಇದನ್ನ?" ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ತಳ್ಳಾಕ ಕರೆದೀನಿ, ಸಲಹಾ ಕೇಳಿಲ್ಲ" ಎಂದುಬಿಟ್ಟು, ಅವರು ಹೊರಟುಹೋಗಿ, ಬಿಸಿಲಲ್ಲಿ ನಾನೊಬ್ಬಳೇ ನಿಂತದ್ದೂ ಉಂಟು.

ಮಾರದಿರಲು ಕಾರಣವಿತ್ತು. ಅವ್ವನ ಮೊಣಕಾಲು ಮಡಚುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರಳು. ಅಣ್ಣನ ಹೊಸ ಕಾರಿನ ಸೀಟು ತಗ್ಗು. ಅದರಿಂದ ಅವಳನ್ನು ಎಬ್ಬಿಸಬೇಕಾದರೆ ಇಬ್ಬರು ತೋಳು ಹಿಡಿದು ಜೋಳದ ಚೀಲದ ಹಾಗೆ ಎಳೆಯಬೇಕು. ಅಪ್ಪ ಕೊಂಡ ಈ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಮಾತ್ರ ಅವಳು ತಾನಾಗಿ ಕೂತು ತಾನಾಗಿ ಏಳುತ್ತಾಳೆ. ಅವಳಿಗೆ ಕಮಲಾಪುರದ ಸಂತೆ ಎಂದರೆ ಪ್ರಾಣ. ಅಲ್ಲೇ ನಮ್ಮ ಹೊಲ, ಹೊಲ ನೋಡಿಕೊಳ್ಳುವ ಅಣ್ಣ. ಕಲಬುರಗಿಯ ಮನೆಯಲ್ಲಿ ನಾವಿಬ್ಬರೇ, ನಾನೂ ಅವಳೂ.

ಕಾರು ನಿಲ್ಲತೊಡಗಿದ ಮೇಲೆ ಸಂತೆ ತಪ್ಪಿತು. ಒಂದು ಅಮಾವಾಸ್ಯೆಗೆ ಮನೆಗೆ ಬಂದ ಅಣ್ಣ ಕಾರಿನ ಸುತ್ತ ಒಂದು ಸುತ್ತು ಹಾಕಿ ಹೇಳಿದ: "ನೋಡವಾ, ಇದಕ್ಕೂ ವಯಸ್ಸಾಗ್ಯಾದ, ಅವ್ವಗೂ ವಯಸ್ಸಾಗ್ಯಾದ. ಇದನ್ನ ಗುಜರಿಯವಗ ಕೊಡೋಣ. ಅವ್ವ ಆರಾಮ ಮನ್ಯಾಗ ಕೂಡ್ಲಿ."

ಅಣ್ಣ ಕೆಟ್ಟವನಲ್ಲ. ಆದರೆ ಕಾರನ್ನೂ ಅವ್ವನನ್ನೂ ಒಂದೇ ಉಸಿರಿನಲ್ಲಿ ಮೂಲೆಗೆ ಸರಿಸಿದ್ದು ನನಗೆ ಉರಿದುಹೋಯಿತು. "ಬರೋ ಸಂತಿ ದಿನ ಈ ಗಾಡಿ ಕಮಲಾಪುರಕ್ಕ ಬರ್ತದ. ಅವ್ವನ್ನ ಕೂಡಿಸ್ಕೊಂಡೇ ಬರ್ತದ" ಎಂದೆ. "ನಡುವ ನಿಂತ್ರ?" ಎಂದ. "ನಿಂತ್ರ ನೀ ಹೇಳಿದಂಗ ಮಾಡು." ಅಂದದ್ದೇನೋ ಅಂದೆ. ಹೇಗೆ ಒಯ್ಯುವುದೆಂದು ನನಗೂ ಗೊತ್ತಿರಲಿಲ್ಲ.

ಅವ್ವ ಮಾತ್ರ ತನ್ನ ಚಿಕಿತ್ಸೆ ಬಿಟ್ಟಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಬಾನೆಟ್ಟಿಗೆ, ಸ್ಟೇರಿಂಗಿಗೆ, ನಾಲ್ಕು ಗಾಲಿಗೆ, ಕೊನೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಹಚ್ಚುತ್ತಿದ್ದಳು. ಮುಚ್ಚಳಕ್ಕೆ ಯಾಕೆಂದರೆ ಅದು ಗಾಡಿಯ ಬಾಯಿ. ಉಣ್ಣುವ ಬಾಯಿಗೆ ವಿಭೂತಿ ಇರಬೇಕು ಎನ್ನುತ್ತಿದ್ದಳು. ಈಗ ಕಾರು ನಿಂತು ಬಂದಾಗಲೆಲ್ಲ ಅಮಾವಾಸ್ಯೆ ಕಾಯದೆ ಇನ್ನೊಂದು ಪದರ ಹಚ್ಚುತ್ತಿದ್ದಳು. ಹಚ್ಚಿದ ವಿಭೂತಿ ಒರೆಸಬಾರದು, ಆದ್ದರಿಂದ ಕಾರು ತೊಳೆಯುವಾಗಲೂ ನಾವು ಅದನ್ನು ಮುಟ್ಟುತ್ತಿರಲಿಲ್ಲ.

ನಾನು ನಂದೂರಿಗೆ ಹೋದೆ. ಬೇಳೆ ಮಿಲ್ಲಿನ ಲಾರಿಗಳನ್ನು ರಿಪೇರಿ ಮಾಡುವ ಶೆಡ್ ಒಂದಿದೆ ಅಲ್ಲಿ. ದಾರಿಯಲ್ಲಿ ಕಾರು ನಿಂತೇ ನಿಂತಿತು, ತಳ್ಳಿಸಿಕೊಂಡು ಒಳಗೆ ಹೋಯಿತು. ಒಳಗೆ ಹೋದದ್ದೇ ಮಹಾ ಸಾಧುವಾಯಿತು. ಮೆಕ್ಯಾನಿಕ್ ಕೀಲಿ ತಿರುವಿದ, ಅದು ಓಡಿತು, ಓಡುತ್ತಲೇ ಇತ್ತು. ಹಿಂದಿನ ಮೆಕ್ಯಾನಿಕ್ ಪಂಪು ಬದಲಿಸಿದ್ದ, ಅದಕ್ಕೂ ಹಿಂದಿನವ ಕಾರ್ಬುರೇಟರ್ ತೊಳೆದಿದ್ದ. ಅವರ ಮುಂದೆಯೂ ಹೀಗೇ. "ಏನೂ ಖರಾಬ್ ಇಲ್ರಿ ಅಕ್ಕಾ, ನಿಮ್ಮ ಗಾಡಿಗಿ ನಾಟಕ ಬರ್ತದ" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ, ಅಳು ಬಂತು.

ಮನೆಗೆ ಬರುವ ದಾರಿಯಲ್ಲಿ ಮತ್ತೆ ನಿಂತಾಗ ನಾನು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ಕೂತು ಯೋಚಿಸಿದೆ. ಮೆಕ್ಯಾನಿಕ್ಕುಗಳ ಮುಂದೆ ಓಡುವ ಗಾಡಿ ನನ್ನ ಮುಂದೆ ಯಾಕೆ ಓಡುವುದಿಲ್ಲ? ಅವರು ಮಾಡುವ, ನಾನು ಮಾಡದ ಕೆಲಸ ಯಾವುದು? ಒಂದೇ ಒಂದಿತ್ತು. ನಮ್ಮ ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಕೆಟ್ಟು ಬಹಳ ಕಾಲವಾಗಿದೆ. ಆದ್ದರಿಂದ ಪ್ರತಿಯೊಬ್ಬ ಮೆಕ್ಯಾನಿಕ್ಕೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುತ್ತಾನೆ.

ಇಳಿದು ಹೋಗಿ ಮುಚ್ಚಳ ತಿರುವಿದೆ. ಹುಸ್ಸೆಂದು ಗಾಳಿ ಒಳಗೆ ಹೋಯಿತು. ಕೀಲಿ ತಿರುವಿದೆ, ಎದ್ದಿತು. ಮುಚ್ಚಳವನ್ನು ಸಡಿಲ ಬಿಟ್ಟು, ಪೆಟ್ರೋಲ್ ತುಳುಕದ ಹಾಗೆ ನಿಧಾನಕ್ಕೆ ಮನೆಯವರೆಗೂ ಬಂದೆ. ಎಲ್ಲೂ ನಿಲ್ಲಲಿಲ್ಲ.

ಅಂಗಳದಲ್ಲಿ ಕೂತು ಮುಚ್ಚಳ ತಿರುಗಿಸಿ ಮುರುಗಿಸಿ ನೋಡಿದೆ. ಮೇಲೆ ಸುಣ್ಣದ ಗಾರೆಯ ಹಾಗೆ ದಪ್ಪಗೆ ವಿಭೂತಿ. ಸೀರೆಯ ಪಿನ್ನು ತೆಗೆದು ಕೆರೆದೆ. ಕೆಳಗೆ ಒಂದು ಸಣ್ಣ ತೂತು ಸಿಕ್ಕಿತು, ಪಿನ್ನು ಚುಚ್ಚಿ ಅದನ್ನು ಬಿಡಿಸಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಆ ತೂತಿನಿಂದ ಒಳಗೆ ಹೋಗಬೇಕು. ಹೋಗದಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವಳ ಮುಖ ಸಣ್ಣದಾಯಿತು. ವಿಭೂತಿ ಹಚ್ಚುವ ಮೂರು ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಅಂದ್ರ ನಾನೇ ನಿಲ್ಲಿಸೀನಿ ಇದನ್ನ" ಎಂದಳು. ಮತ್ತೆ, "ನಿಮ್ಮಣ್ಣಗ ಹೇಳಬ್ಯಾಡ. ಇದನ್ನೂ ನನ್ನ ವಯಸ್ಸಿನ ಲೆಕ್ಕಕ್ಕೇ ಹಾಕ್ತಾನ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸಂತೆಯ ದಿನ ಹೊರಟೆವು. ಕೆರೆ ದಂಡೆ ದಾಟಿತು. ಯಾವಾಗಲೂ ಕೆಮ್ಮುವ ಜಾಗ ಬಂದಾಗ ನಾನು ಉಸಿರು ಬಿಗಿಹಿಡಿದೆ. ಅದು ಕೆಮ್ಮಲಿಲ್ಲ. ನಮ್ಮನ್ನು ತಳ್ಳಿದ್ದ ಆಟೋದವನೊಬ್ಬ ದಾರಿಯಲ್ಲಿ ಕಂಡ. ಬೇಕೆಂದೇ ಹಾರ್ನ್ ಹೊಡೆದೆ. ತೊಗರಿ ಹೊಲಗಳ ನಡುವೆ ಅವ್ವ ಕಿಟಕಿ ಇಳಿಸಿ ಎದೆ ಸೆಟೆಸಿ ಕೂತಿದ್ದಳು.

ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಅಣ್ಣ ನಿಂತಿದ್ದ, ಜೊತೆಗೆ ಊರಿನ ನಾಲ್ಕು ಮಂದಿ. ಸೋತದ್ದಕ್ಕೆ ಅವನಿಗೂ ಖುಷಿಯಾದಂತಿತ್ತು. "ಏನಾಗಿತ್ತು ಇದಕ್ಕ?" ಎಂದು ಕೇಳಿದ. ನಾನು "ಸಣ್ಣದೇನೋ" ಎಂದು ತೇಲಿಸಿದೆ.

"ಸಣ್ಣದೇನಲ್ಲ" ಎಂದಳು ಅವ್ವ ಒಳಗಿನಿಂದ, ಎಲ್ಲರಿಗೂ ಕೇಳುವ ಹಾಗೆ. "ಟಾಕಿ ಮುಚ್ಚಳದ ತೂತಿಗಿ ನಾನೇ ವಿಭೂತಿ ಮೆತ್ತಿದ್ದೆ. ನೀ ಹುಟ್ಟಿದಾಗಿಂದ ಹಚ್ಚೀನಿ, ವಯಸ್ಸಾಗಿ ಹಚ್ಚಿದ್ದಲ್ಲ. ಇನ್ಮುಂದ ಬಾನೆಟ್ಟಿಗಷ್ಟೇ ಹಚ್ತೀನಿ. ಬರೋ ಸಂತಿಗೂ ಬರ್ತೀನಿ."

ಅಣ್ಣ ಬಾಗಿಲು ತೆಗೆದು, ಇಳಿಸಿಕೊಳ್ಳಲು ಕೈ ಚಾಚಿದ. ಅವ್ವ ಆ ಕೈಗೆ ಸಂತೆಯ ಚೀಲ ಕೊಟ್ಟು, ತಾನೇ ಇಳಿದು, ಕೆಂಪು ಬಾಳೆಹಣ್ಣಿನವಳ ಕಡೆಗೆ ನಡೆದಳು.