ಕೊನೆಯ ಹಿಡಿ ಜೋಳದ ನುಡಿ

ಹುಕ್ಕೇರಿ ಸಂತೆಯ ದಿನ ಶಾಲೆ ಬಿಟ್ಟ ಮೇಲೆ ಬದನೆಕಾಯಿ ಆರಿಸುತ್ತ ಕೂತಿದ್ದಾಗ ನನಗೆ ಮೊದಲು ಕೇಳಿಸಿದ್ದು ಹಾಡಲ್ಲ, ಕಲ್ಲು. ಪಕ್ಕದ ಮೊಬೈಲ್ ಅಂಗಡಿಯವನು ಬಾಗಿಲಲ್ಲಿಟ್ಟಿದ್ದ ದೊಡ್ಡ ಸ್ಪೀಕರಿನಿಂದ ಗಿಟಾರು, ಡ್ರಮ್ಮು, ಪಿಟೀಲು ಎಲ್ಲ ಒಟ್ಟಿಗೇ ಹೊರಬೀಳುತ್ತಿದ್ದವು. ಅವುಗಳ ತಳದಲ್ಲಿ ಇನ್ನೊಂದು ಸದ್ದು ತಿರುಗುತ್ತಿತ್ತು. ಗರ್ರ್ ಎಂದು ಒಂದು ಸುತ್ತು, ಸುತ್ತು ಮುಗಿಯುವಾಗ ಟಕ್ ಎಂದು ಒಂದು ಬಿಕ್ಕು. ಆ ಬಿಕ್ಕು ನಮ್ಮ ಮನೆಯದು. ಕುಲಗೋಡದ ನಮ್ಮ ಪಡಸಾಲೆಯಲ್ಲಿದ್ದ ಬೀಸುವ ಕಲ್ಲಿನ ಮೇಲಿನ ಹೋಳಿನ ಅಂಚಿಗೆ ಒಂದು ಚಕ್ಕೆ ಎದ್ದಿತ್ತು; ಪ್ರತಿ ಸುತ್ತಿಗೂ ಅದು ಹಾಗೆ ಬಿಕ್ಕುತ್ತಿತ್ತು. ಬೇರೆ ಯಾವ ಮನೆಯ ಕಲ್ಲೂ ಹಾಗೆ ಬಿಕ್ಕುವುದಿಲ್ಲ ಎಂದು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಬದನೆಕಾಯಿ ಕೈಯಲ್ಲೇ ಇತ್ತು, ಅಷ್ಟರಲ್ಲಿ ಆ ಕಲ್ಲಿನ ಸದ್ದಿನ ಮೇಲೆ ನನ್ನ ದೊಡ್ಡವ್ವನ ದನಿ ಎದ್ದಿತು. ದೊಡ್ಡವ್ವ ತೀರಿಕೊಂಡಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಈಗ ನನ್ನ ಮಗಳೇ ಕಾಲೇಜು ಮುಗಿಸಿದ್ದಾಳೆ.

ಎದ್ದು ಅಂಗಡಿಗೆ ಹೋಗಿ ಇದು ಯಾವ ಹಾಡು ಎಂದು ಕೇಳಿದೆ. "ಭಾರೀ ನಡದೈತ್ರಿ ಟೀಚರ್, ಎಲ್ಲಾರೂ ಇದಕ್ಕ ರೀಲ್ಸ್ ಮಾಡಾಕತ್ತಾರ" ಎಂದು ಅಂಗಡಿಯವನು ಫೋನು ನನ್ನ ಮುಂದೆ ಹಿಡಿದ. ‘ಹಳೇದಕ್ಕೆ’ ಎಂಬ ಕರಾವಳಿಯ ತಂಡವಂತೆ, ದಕ್ಕೆ ಎಂದರೆ ಅಲ್ಲಿ ದೋಣಿ ನಿಲ್ಲುವ ಕಟ್ಟೆ. ಅವರು ನುಡಿಸುವುದಕ್ಕೆ, ಐರ್ಲೆಂಡ್ ಕಡೆಯ ಹಳ್ಳಿ ಹಾಡಿಗೆ ಗಿಟಾರು, ಡ್ರಮ್ಮು ಕೂಡಿಸಿದ್ದಕ್ಕೆ, ಸೆಲ್ಟಿಕ್ ರಾಕ್ ಎನ್ನುತ್ತಾರಂತೆ. ಹಾಡಿನ ಕೆಳಗೆ ನಾಲ್ಕೂ ವಾದಕರ ಹೆಸರು, ಧ್ವನಿಮುದ್ರಣ ಮಾಡಿದವನ ಹೆಸರು, ಚಿತ್ರ ಬರೆದವಳ ಹೆಸರು, ಚಹಾ ಕೊಟ್ಟವನ ಹೆಸರು ಕೂಡ ಇತ್ತು. ಎಲ್ಲಕ್ಕೂ ಕೊನೆಯಲ್ಲಿ "ಮೂಲ ದನಿ: ಉತ್ತರ ಕರ್ನಾಟಕದ ಅನಾಮಧೇಯ ಮಹಿಳೆ." ನನಗೆ ಮೈಯೆಲ್ಲ ಉರಿದುಹೋಯಿತು. ಚಹಾ ಕೊಟ್ಟವನಿಗೆ ಹೆಸರಿದೆ, ನನ್ನ ದೊಡ್ಡವ್ವನಿಗೆ ಇಲ್ಲ.

ಆ ಮನೆಯನ್ನು ನಿಮಗೆ ತೋರಿಸೋಣವೆಂದರೆ ಅದು ಈಗ ಇಲ್ಲ. ಪಾಲಾದ ಮೇಲೆ ಕೆಡವಿದರು, ಆ ಜಾಗದಲ್ಲಿ ಕಬ್ಬಿನ ಟ್ರಾಲಿಗಳು ನಿಲ್ಲುತ್ತವೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಹದಿನಾಲ್ಕು ಜನ ಉಣ್ಣುತ್ತಿದ್ದೆವು. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು, ಆದರೆ ಅಜ್ಜನಿಗೆ ಗಿರಣಿ ಹಿಟ್ಟಿನ ರೊಟ್ಟಿ ಸೇರುತ್ತಿರಲಿಲ್ಲ. ಅದಕ್ಕೆ ಸುಟ್ಟ ವಾಸನೆ ಇರುತ್ತದೆ ಎನ್ನುತ್ತಿದ್ದ. ಹೀಗಾಗಿ ಅಜ್ಜನೊಬ್ಬನ ರೊಟ್ಟಿಗಾಗಿ ದೊಡ್ಡವ್ವ ದಿನಾ ಕೋಳಿ ಕೂಗುವ ಹೊತ್ತಿಗೆ ಕಲ್ಲಿನ ಮುಂದೆ ಕೂರುತ್ತಿದ್ದಳು. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಎಡಗೈಯಿಂದ ಜೋಳ ಹಾಕುತ್ತ ಬಲಗೈಯಿಂದ ತಿರುವುತ್ತ ಹಾಡುತ್ತಿದ್ದಳು. ನಾನು ಅವಳ ಚಾಚಿದ ಕಾಲಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಕಲ್ಲಿನ ನಡುಕ ಅವಳ ಕಾಲಿನಿಂದ ನನ್ನ ಕಿವಿಗೆ ಬರುತ್ತಿತ್ತು. ಆಗತಾನೇ ಬೀಸಿದ ಹಿಟ್ಟಿಗೆ ಒಂದು ಬೆಚ್ಚನೆಯ ವಾಸನೆ ಇರುತ್ತದೆ, ಸ್ವಲ್ಪ ಸಿಹಿ, ಸ್ವಲ್ಪ ಕಲ್ಲಿನದು. ಬೀಸಿ ಏಳುವಾಗ ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿದ್ದವು, ನಾನು ನಗುತ್ತಿದ್ದೆ.

ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ತವರು ಅಂಕಲಗಿ, ಅದಕ್ಕೆ ಆಯಿ, ಎಂದರೆ ನನ್ನ ಅಜ್ಜಿ, ಅವಳನ್ನು "ಏ ಅಂಕಲಗಿ" ಎನ್ನುತ್ತಿದ್ದಳು. ಓಣಿಯ ಹೆಂಗಸರಿಗೆ ಅವಳು ಅಂಕಲಗಿಯಾಕಿ. ದೊಡ್ಡಪ್ಪ "ಏ, ಇಲ್ಲಿ ಬಾ" ಎನ್ನುತ್ತಿದ್ದ, ಅಷ್ಟೇ. ಅವಳಿಗೂ ಗಂಡನ ಹೆಸರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆದರೆ ಬೀಸುವ ಪದದಲ್ಲಿ ಒಂದು ಪದ್ಧತಿಯಿತ್ತು. ಎಷ್ಟು ನುಡಿ ಬೇಕಾದರೂ ಹಾಡಬಹುದು, ಯಾರ ಮೇಲೆ ಬೇಕಾದರೂ ಹಾಡಬಹುದು. ಬುಟ್ಟಿಯಲ್ಲಿ ಕೊನೆಯ ಹಿಡಿ ಜೋಳ ಉಳಿದಾಗ ಮಾತ್ರ ಬೀಸುವವಳು ತನ್ನ ತವರು, ತನ್ನ ಗಂಡ, ತನ್ನ ಹೆಸರು ಮೂರನ್ನೂ ಸೇರಿಸಿ ಒಂದು ನುಡಿ ಹೇಳಬೇಕು. ಆ ನುಡಿ ಮುಗಿಯದೆ ಕಲ್ಲಿನಿಂದ ಕೈ ತೆಗೆಯುವಂತಿಲ್ಲ. ಗಂಡನ ಹೆಸರು ಹೇಳಲು ಅಲ್ಲಿ ಅಡ್ಡಿಯಿಲ್ಲ, ಪದದಲ್ಲಿ ಬಂದದ್ದು ಬಾಯಲ್ಲಿ ಬಂದ ಹಾಗಲ್ಲ. ದೊಡ್ಡವ್ವನ ನುಡಿ ಹೀಗಿತ್ತು:

ಅಂಕಲಗಿ ನನ ತವರ, ಕುಲಗೋಡ ನನ ಮನಿಯ
ಮಲ್ಲಪ್ಪಗೌಡರ ಮಡದೀ ನೀಲವ್ವ
ಬೀಸೀದ ಹಿಟ್ಟು ಹಸನಾಗಿ

ಅವಳ ಹೆಸರು ನೀಲವ್ವ ಎಂದು ನನಗೆ ತಿಳಿದದ್ದು ಆ ಕಲ್ಲಿನಿಂದಲೇ. ಅಷ್ಟು ದೊಡ್ಡ ಮನೆಯಲ್ಲಿ ಅವಳ ಹೆಸರು ದಿನಕ್ಕೆ ಒಂದೇ ಒಂದು ಸಲ, ಅದೂ ಅವಳದೇ ಬಾಯಿಂದ ಕೇಳುತ್ತಿತ್ತು.

ಆ ಕರಾವಳಿಯ ತಂಡ ಹಳ್ಳಿಯ ಹಾಡುಗಳನ್ನು ಟೇಪಿಗೆ ಹಿಡಿಯಲು ನಮ್ಮ ಮನೆಗೆ ಬಂದಾಗ ನಾನು ನಾಲ್ಕನೆಯ ತರಗತಿ. ಹುಕ್ಕೇರಿಯಲ್ಲಿ ಮಾಸ್ತರನಾಗಿದ್ದ ನನ್ನ ಸೋದರಮಾವ ಅವರನ್ನು ಕರೆತಂದಿದ್ದ. ನಾಲ್ಕು ಜನ, ಉದ್ದ ಕೂದಲು, ಮೀನುಗಾರರ ಊರಿನ ಹುಡುಗರು. ಅವರಲ್ಲಿ ಒಬ್ಬನ ಚಿಕ್ಕಪ್ಪ ಹಡಗಿನಲ್ಲಿ ಕೆಲಸ ಮಾಡುತ್ತಿದ್ದವನು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಾಡುಗಳ ಗ್ರಾಮಫೋನ್ ತಟ್ಟೆಗಳನ್ನು ತಂದುಕೊಟ್ಟಿದ್ದನಂತೆ. ಅವನ್ನು ಕೇಳಿ ಕೇಳಿ ಇವರಿಗೆ ಹುಚ್ಚು ಹತ್ತಿತ್ತು. ಆ ಹಾಡುಗಳಲ್ಲೂ ದೋಣಿ ಎಳೆಯುವವರು, ಹಾಲು ಕರೆಯುವವರು ಇದ್ದಾರೆ, ನಮ್ಮಲ್ಲೂ ಇದ್ದಾರೆ, ಎರಡನ್ನೂ ಕೂಡಿಸುತ್ತೇವೆ ಎಂದು ಪಿಟೀಲಿನವನು ಅಜ್ಜನಿಗೆ ವಿವರಿಸಿದ. ಸುಳ್ಳು ಹೇಳಬಾರದು, ನಮಗೆ ಅವರು ಬಹಳ ಹಿಡಿಸಿದರು. ಒಬ್ಬನ ಹತ್ತಿರ ತೊಗಲಿನ ಚೀಲಕ್ಕೆ ಕೊಳವೆಗಳನ್ನು ಸಿಕ್ಕಿಸಿದ ವಾದ್ಯವಿತ್ತು. ಅವನು ಅದನ್ನು ಕಂಕುಳಲ್ಲಿ ಅವುಚಿ ಊದಿದ ಕೂಡಲೇ ಹಟ್ಟಿಯಲ್ಲಿದ್ದ ಕರು ಹಗ್ಗ ಹರಿದುಕೊಂಡು ಓಡಿತು. "ಇದೇನೋ ತಮ್ಮಾ, ಕಮ್ಮಾರನ ತಿದಿಗೆ ಜೀವಾ ಬಂದೈತಲ್ಲೋ" ಎಂದು ಅಜ್ಜ ನಕ್ಕ. ಆಯಿ ಅವರಿಗೆ ರೊಟ್ಟಿ, ಪುಂಡಿಪಲ್ಯೆ, ಕೆನೆಮೊಸರು ಬಡಿಸಿದಳು. ಮೀನಿಲ್ಲದ ಊಟ ಇಷ್ಟು ರುಚಿಯಿರುತ್ತದೆಂದು ಗೊತ್ತಿರಲಿಲ್ಲ ಎಂದು ಅವರು ಅಂದದ್ದಕ್ಕೆ ಆಯಿ ಮುಖ ಸಿಂಡರಿಸಿದ್ದಳು.

ಊಟವಾದ ಮೇಲೆ ಮಧ್ಯಾಹ್ನ ದೊಡ್ಡವ್ವನನ್ನು ಕಲ್ಲಿನ ಮುಂದೆ ಕೂರಿಸಿದರು. ಸುಮ್ಮನೆ ಹಾಡಿ ಎಂದರೆ ಅವಳಿಗೆ ದನಿಯೇ ಬರಲಿಲ್ಲ. ಖಾಲಿ ಕಲ್ಲು ತಿರುವಿದರೆ ಮನೆಗೆ ಒಳ್ಳೆಯದಲ್ಲ ಎಂದು ಆಯಿ ಒಂದು ಬುಟ್ಟಿ ಜೋಳ ತಂದಿಟ್ಟಳು. ಆಗ ಹಾಡು ಬಂತು. ಟೇಪು ತಿರುಗಿತು, ಪಿಟೀಲಿನವನು ಕಣ್ಣು ಮುಚ್ಚಿ ಕೂತ. ಅಷ್ಟರಲ್ಲಿ ಎಲ್ಲರಿಗೂ ಮಜ್ಜಿಗೆ ತಾ ಎಂದು ಆಯಿ ನನ್ನನ್ನು ಒಳಗೆ ಅಟ್ಟಿದಳು. ನಾನು ತಂಬಿಗೆ, ಲೋಟ ಹಿಡಿದು ಹೊರಗೆ ಬರುವಾಗ ಅವರು ವಾಯರು ಸುತ್ತುತ್ತಿದ್ದರು, ಮಾವ ಬಸ್ಸಿನ ಹೊತ್ತಾಯಿತು ಎನ್ನುತ್ತಿದ್ದ. ದೊಡ್ಡವ್ವ ಇನ್ನೂ ಬೀಸುತ್ತಿದ್ದಳು, ಟೇಪೂ ಇನ್ನೂ ತಿರುಗುತ್ತಿದೆ ಎಂದೇ ನಾನು ತಿಳಿದೆ. ಯಾರೂ ಕೇಳದಿದ್ದರೂ ಕೊನೆಯ ಹಿಡಿ ಹಾಕಿ ತನ್ನ ನುಡಿ ಹೇಳಿ ಮುಗಿಸಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊಸ್ತಿಲ ಹತ್ತಿರ ಪಿಟೀಲಿನವನಿಗೆ ಏನೋ ನೆನಪಾಯಿತು. ಪುಸ್ತಕ ತೆಗೆದು, "ಅಮ್ಮಾ, ನಿಮ್ಮ ಹೆಸರು ಹೇಳ್ಲಿಲ್ಲ" ಎಂದ.

ದೊಡ್ಡವ್ವ ನಾಚಿ ನಕ್ಕಳು. "ಈಗ ಹೇಳಿದ್ನೆಲ್ರಿ, ಪದದಾಗ."

ಅವನೂ ನಕ್ಕ, ಏನೋ ಬರೆದುಕೊಂಡ. ಮಾವ ನಕ್ಕ, ಆಯಿ ನಕ್ಕಳು, ನಾನೂ ನಕ್ಕೆ. ಹೆಸರು ಹೇಳಿ ಆಗಿದೆ ಎಂದೇ ನಾವೆಲ್ಲ ತಿಳಿದಿದ್ದೆವು. ಪದದಲ್ಲಿ ಹೇಳಿದ್ದನ್ನು ಮತ್ತೆ ಬಾಯಿಬಿಟ್ಟು ಹೇಳುವುದೆಂದರೆ ನಮ್ಮಲ್ಲಿ ಜಂಬದ ಮಾತು.

ಸಂತೆಯಿಂದ ಬಂದವಳೇ ಆ ಹಾಡನ್ನು ಐದಾರು ಸಲ ಕೇಳಿದೆ. ಪ್ರತಿ ಸಲವೂ ಸಿಟ್ಟು ಹೆಚ್ಚಾಯಿತು. ದೊಡ್ಡವ್ವನ ದನಿಯನ್ನು ಎಳೆದು ಓಡಿಸಿದ್ದಾರೆ. ಆ ವೇಗದಲ್ಲಿ ಬೀಸಿದರೆ ಹಿಟ್ಟಲ್ಲ, ನುಚ್ಚು ಬರುತ್ತದೆ. ಕಲ್ಲಿನ ಬಿಕ್ಕನ್ನು ತಾಳಕ್ಕೆ ಹಚ್ಚಿದ್ದಾರೆ, ತವರಿನ ನುಡಿಯ ನಡುವೆ ಚೀಲದ ಕೊಳವೆ ಕಿರುಚುತ್ತದೆ. ಅದನ್ನೂ ಸಹಿಸಿಕೊಳ್ಳುತ್ತಿದ್ದೆ, ಹಾಡು ಯಾರ ಮನೆಯ ಬಾಗಿಲಿಗೂ ಹೋಗುತ್ತದೆ. ಆದರೆ ಹೆಸರಿನ ನುಡಿಯನ್ನು ಕತ್ತರಿಸಿ ಒಗೆದು, ಕೆಳಗೆ ಅನಾಮಧೇಯ ಎಂದು ಬರೆಯುವುದೆಂದರೇನು? ಇದು ಉಂಡ ಮನೆಯ ಜಂತೆ ಎಣಿಸುವ ಕೆಲಸವಲ್ಲದೆ ಮತ್ತೇನು? ಅನಾಮಧೇಯಳಂತೆ. ಅವಳು ಕಡೆದ ಮಜ್ಜಿಗೆ ಕುಡಿದು ಹೋದವರು ಬರೆದದ್ದು.

ಹಾಡಿನ ಪುಟದಲ್ಲೇ ಫೋನ್ ನಂಬರು ಇತ್ತು. ಮರುದಿನ ಮಾಡಿದೆ. ಎತ್ತಿದವನು ಪಿಟೀಲಿನವನೇ, ದನಿಗೆ ವಯಸ್ಸಾಗಿತ್ತು. ಕುಲಗೋಡ ಎಂದ ಕೂಡಲೇ ಅವನಿಗೆ ಎಲ್ಲ ನೆನಪಾಯಿತು. ರೊಟ್ಟಿ, ಕೆನೆಮೊಸರು, ಓಡಿಹೋದ ಕರು ಎಲ್ಲವನ್ನೂ ಹೇಳಿದ. ಇಷ್ಟೆಲ್ಲ ನೆನಪಿದೆಯೆಂಬುದೇ ನನ್ನನ್ನು ಇನ್ನಷ್ಟು ಕೆರಳಿಸಿತು.

"ಮತ್ತ ಆಕಿ ಹೆಸರ ಯಾಕ ಹಾಕಿಲ್ರಿ?"

"ಆ ಅಮ್ಮ ಹೆಸರು ಹೇಳ್ಲಿಕ್ಕೆ ಒಪ್ಪಲಿಲ್ಲ ಮೇಡಂ. ನನ್ನ ಪುಸ್ತಕದಲ್ಲಿ ಹಾಗೇ ಬರ್ಕೊಂಡಿದ್ದೇನೆ."

"ಒಪ್ಪಲಿಲ್ಲ ಅಂತ ಬರದೀರಿ? ಪದದಾಗ ಹೇಳ್ಯಾಳ್ರಿ ಆಕಿ. ನೀವ ಕತ್ತರಿ ಹಾಕಿ ಒಗದೀರಿ."

"ನಮ್ಮ ಟೇಪಿನಲ್ಲಿ ಹೆಸರಿಲ್ಲ ಮೇಡಂ. ಬೇಕಾದ್ರೆ ಪೂರ್ತಿ ಕಳಿಸ್ತೇನೆ, ನೀವೇ ಕೇಳಿ ನೋಡಿ. ಹೆಸರು ಈಗ ಹೇಳಿ, ಇವತ್ತೇ ಹಾಕಿಸ್ತೇನೆ."

"ಮೊದಲ ಟೇಪ್ ಕಳಸ್ರಿ" ಎಂದು ಫೋನು ಇಟ್ಟೆ. ಅವನ ಮೇಲಿನ ಸಿಟ್ಟು ಅವನೊಬ್ಬನ ಮೇಲೆಯೇ ನಿಲ್ಲಲೂ ಇಲ್ಲ. ದೊಡ್ಡವ್ವ ತೀರಿಕೊಂಡ ಮೇಲೆ ಗೋಕಾಕದಲ್ಲಿ ಕಟ್ಟು ಹಾಕಿಸಿ ತಂದ ಅವಳ ಫೋಟೋದ ಕೆಳಗೆ "ಮಲ್ಲಪ್ಪಗೌಡರ ಧರ್ಮಪತ್ನಿ" ಎಂದು ಬರೆಸಿದವರು ನಾವೇ. ಹೆಸರು ಬರೆಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅವಳು ಇಲ್ಲವಾದ ಮೇಲೆ ಕಲ್ಲು ತಿರುವಲಿಲ್ಲ, ಅಜ್ಜ ಗಿರಣಿ ರೊಟ್ಟಿಯನ್ನೇ ಸುಮ್ಮನೆ ತಿಂದ, ಮನೆ ಕೆಡವುವಾಗ ಕಲ್ಲು ಯಾರ ಪಾಲಿಗೆ ಹೋಯಿತೆಂದು ನಾನು ಕೇಳಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬೇಕು. ಅವಳ ಹೆಸರು ನಿಮಗೆ ಗೊತ್ತಿದೆಯೇ ಎಂದು ಕೇಳುವ ಹಕ್ಕು ನನಗೇನೂ ಇಲ್ಲ.

ಭಾನುವಾರ ಬೆಳಿಗ್ಗೆ ಟೇಪಿನ ಧ್ವನಿ ಫೋನಿಗೆ ಬಂತು. ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿ ಕೂತು ಹಚ್ಚಿದೆ. ಗಿಟಾರಿಲ್ಲ, ಡ್ರಮ್ಮಿಲ್ಲ. ಕಲ್ಲು ತನ್ನ ಹದದಲ್ಲಿ ತಿರುಗುತ್ತಿತ್ತು. ಅಜ್ಜನ ಕೆಮ್ಮು ಕೇಳಿತು. ಮಜ್ಜಿಗೆ ತಾ ಎಂದು ಆಯಿ ನನ್ನನ್ನು ಕೂಗಿದ್ದು ಕೇಳಿತು. ಹೂಂ ಎಂದ ಒಂದು ಸಣ್ಣ ದನಿ, ಅದು ನಾನೇ. ದೊಡ್ಡವ್ವ ಒಂಬತ್ತು ನುಡಿ ಹಾಡಿದಳು. ಆಮೇಲೆ ಪಿಟೀಲಿನವನು ಮೆಲ್ಲಗೆ, "ಸಾಕು, ಚಂದ ಬಂತು, ನಿಲ್ಲಿಸು" ಎಂದ. ಕಲ್ಲು ನಿಲ್ಲಲಿಲ್ಲ. ಅದರ ಗರ್ರ್ ನಡುವೆ ದೊಡ್ಡವ್ವನ ಮಾತು, ಹಾಡಲ್ಲ, ಬರೀ ಮಾತು: "ತಡೀರೆಪಾ, ಇನ್ನೂ ಒಂದ ಹಿಡಿ ಐತಿ. ನನ್ನ ಹೆಸರ ಇನ್ನೂ ಬಂದಿಲ್ಲ."

ಟಕ್ ಎಂದಿತು. ಅದು ಕಲ್ಲಲ್ಲ, ಟೇಪಿನ ಗುಂಡಿ.

ನಾನು ಮತ್ತೆ ಮೊದಲಿನಿಂದ ಹಚ್ಚಿದೆ. ಈ ಸಲವಾದರೂ ಅವರು ಆ ಒಂದು ಹಿಡಿ ಮುಗಿಯುವ ತನಕ ತಡೆಯುತ್ತಾರೇನೋ ಎಂದು ಕೇಳುತ್ತ ಕೂತೆ.