ನನ್ನ ಕೆಲಸ ಕೊಸರಲ್ಲ

"ಉಜ್ಜೋದು ತಾನೇ? ಮನೇಲಿ ಪಾತ್ರೆ ಉಜ್ಜಲ್ವಾ ನೀನು?"

ಈ ಮಾತನ್ನು ನನಗೆ ಎಷ್ಟು ಜನ ಹೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಬಿ.ಪಿ. ಮಾತ್ರೆ ಈಗಲೇ ಶುರುವಾಗುತ್ತಿತ್ತು. ಹೇಳಿದವರೆಲ್ಲ ಗಂಡಸರು. ಹೇಳಿ ತಾವೇ ನಕ್ಕು, ನಾನೂ ನಗಲಿ ಎಂದು ನನ್ನ ಮುಖ ನೋಡುತ್ತಾ ನಿಂತವರು. ನಾನು ಯಾಕೆ ನಗಲಿ? ಮನೆಯಲ್ಲಿ ಪಾತ್ರೆ ಉಜ್ಜುತ್ತೇನೆ, ಹೌದು. ಅದಕ್ಕೂ ಇವತ್ತಿನವರೆಗೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ, ಆ ಸಿಟ್ಟು ಬೇರೆಯೇ ಇದೆ.

ಕಡೂರಿನಿಂದ ತರೀಕೆರೆ ಕಡೆಗೆ ಹೊರಟರೆ, ಊರು ದಾಟುವ ಹೊತ್ತಿಗೆ ರಸ್ತೆ ಬದಿಯಲ್ಲಿ ನಮ್ಮದೊಂದು ವಾಟರ್ ಸರ್ವಿಸ್ ಇದೆ. ಕಾರು, ಬೈಕು, ತೆಂಗಿನಕಾಯಿ ಹೊರುವ ಗೂಡ್ಸ್ ಗಾಡಿ, ಎಲ್ಲಕ್ಕೂ ನೀರು ಹೊಡೆದು ತೊಳೆಯುವವರು ನಮ್ಮ ಮನೆಯವರು. ಹಳದಿಗಟ್ಟಿ ಮಬ್ಬಾದ ಹೆಡ್‌ಲೈಟನ್ನು ಹೊಸದರ ಹಾಗೆ ಮಾಡುವವಳು ನಾನು. ಈ ಕೆಲಸ ನನಗೆ ಕಲಿಸಿದವನು ನನ್ನ ತಮ್ಮ. ಅವನು ತರೀಕೆರೆಯಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುತ್ತಾನೆ. ತವರಿಗೆ ಹೋದಾಗಲೆಲ್ಲ ನಾನು ಅವನ ಶೆಡ್ಡಿಗೆ ಬುತ್ತಿ ತೆಗೆದುಕೊಂಡು ಹೋಗಿ, ಅವನು ಉಣ್ಣುವವರೆಗೆ ಅಲ್ಲೇ ಕೂತು ನೋಡುತ್ತಿದ್ದೆ. ಒಂದು ದಿನ ನೀರು ಬಿಟ್ಟು ಉಜ್ಜುವ ವಾಟರ್ ಪೇಪರ್ ಕೈಗೆ ಕೊಟ್ಟು, "ಅಕ್ಕ, ನಿನ್ ಕೈ ಹಗೂರ ಐತೆ, ನೀನೇ ನೋಡು ಒಂದ್ಸಲ" ಎಂದ. ಅವತ್ತಿನಿಂದ ಬಿಟ್ಟಿಲ್ಲ.

ಉಜ್ಜುವುದು ಅಂದರೆ ಏನಂದುಕೊಂಡಿದ್ದಾರೋ ಜನ! ಲೈಟಿನ ಸುತ್ತ ಬಣ್ಣಕ್ಕೆ ಗೀರು ಬೀಳದ ಹಾಗೆ ಟೇಪು ಅಂಟಿಸಬೇಕು. ಮೊದಲು ಒರಟು ಪೇಪರು, ಆಮೇಲೆ ನಯ, ಆಮೇಲೆ ಇನ್ನೂ ನಯ. ಪ್ರತಿಯೊಂದಕ್ಕೂ ನೀರು ಬಿಡುತ್ತಾ, ಹಿಂದಿನ ಪೇಪರಿನ ಗೀರು ಪೂರ್ತಿ ಹೋಗುವ ತನಕ ಕೈ ಆಡಿಸಬೇಕು. ಒಂದು ಕಡೆ ಜಾಸ್ತಿ ಒತ್ತಿದರೆ ಅಲ್ಲಿ ಗುಳಿ ಬೀಳುತ್ತದೆ. ಆಮೇಲೆ ಕಾಂಪೌಂಡು ಅನ್ನುವ ಪೇಸ್ಟು ಹಚ್ಚಿ ಮಿಷನ್ನಿನಲ್ಲಿ ಪಾಲಿಶ್. ಅಲ್ಲಿ ಒಂದು ನಿಮಿಷ ಮೈಮರೆತರೆ ಬಿಸಿಗೆ ಪ್ಲಾಸ್ಟಿಕ್ ಸುಟ್ಟುಹೋಗುತ್ತದೆ. ಕೊನೆಗೆ ಬಿಸಿಲು ತಡೆಯುವ ಕೋಟಿಂಗು. ಅದೇ ಎಲ್ಲಕ್ಕಿಂತ ದುಬಾರಿ, ಅದಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಲೈಟು ಮತ್ತೆ ಹಳದಿ. ಎರಡು ಲೈಟಿಗೆ ಅರ್ಧ ದಿನ ಹಿಡಿಯುತ್ತದೆ, ಸಂಜೆಗೆ ಭುಜ ಎತ್ತಲಾಗುವುದಿಲ್ಲ. ಇದನ್ನೆಲ್ಲ ನೋಡಿಯೇ ನಾನು ಜೋಡಿಗೆ ಎಂಟುನೂರು ಎಂದು ರೇಟು ಇಟ್ಟಿದ್ದು. ಹೊಸ ಲೈಟು ಹಾಕಿಸಲು ಹೋದರೆ ಎಷ್ಟಾಗುತ್ತದೆ ಎಂದು ಶೋರೂಮಿನಲ್ಲಿ ಒಮ್ಮೆ ಕೇಳಿ ಬರಲಿ, ಆಮೇಲೆ ನನ್ನ ಹತ್ತಿರ ಮಾತಾಡಲಿ.

ಆದರೆ ಎಂಟುನೂರು ಅಂದ ತಕ್ಷಣ ಹಾವು ತುಳಿದವರ ಹಾಗೆ ಹಿಂದೆ ಸರಿಯುತ್ತಾರೆ. ಇದೇ ಜನ ಕಾರಿನ ಹಿಂದಿನ ಗಾಜಿಗೆ ಮಗಳ ಹೆಸರು ಬರೆಸುತ್ತಾರೆ. ಊರೆಲ್ಲ ಬೆಚ್ಚಿ ಬೀಳುವ ಹಾರನ್ ಹಾಕಿಸುತ್ತಾರೆ. ಒಳಗೆ ನೀಲಿ ಲೈಟು, ಕೆಂಪು ಲೈಟು, ಸೀಟಿಗೆ ಹುಲಿಚರ್ಮದಂಥ ಬಟ್ಟೆ. ಎದುರಿಗೆ ರಸ್ತೆ ಕಾಣಬೇಕಲ್ಲಪ್ಪಾ, ಅದಕ್ಕೆ ಖರ್ಚು ಮಾಡು ಅಂದರೆ ಮಾತ್ರ, "ಟೂತ್‌ಪೇಸ್ಟ್ ಹಾಕಿದ್ರೆ ಹೋಗ್ತದಂತಲ್ಲಕ್ಕಾ, ಫೋನಲ್ಲಿ ನೋಡಿದೆ" ಅನ್ನುತ್ತಾರೆ. ಹಾಕ್ಕೊಳಪ್ಪಾ. ಹಲ್ಲಿಗೂ ಲೈಟಿಗೂ ಒಂದೇ ಟ್ಯೂಬು ಇಟ್ಟುಕೋ.

ಹೊರಗಿನವರದ್ದು ಹೋಗಲಿ ಬಿಡಿ. ನನ್ನ ಹೊಟ್ಟೆ ಉರಿಸಿದ್ದು ನಮ್ಮ ಮನೆಯವರೇ. ಅವರು ಕೆಟ್ಟವರಲ್ಲ, ಆದರೆ ಗಿರಾಕಿ ಮುಖ ಚಿಕ್ಕದು ಮಾಡಿದರೆ ಅವರಿಗೆ ತಡೆಯಲಾಗುವುದಿಲ್ಲ. ಒಂದು ಆಯುಧಪೂಜೆಯ ಹೊತ್ತಿಗೆ, ಕಾರುಗಳು ರಸ್ತೆಯವರೆಗೂ ಸಾಲು ನಿಂತಿದ್ದಾಗ, "ಫುಲ್ ಸರ್ವಿಸ್ ಮಾಡ್ಸಿ, ಹೆಡ್‌ಲೈಟ್ ನಮ್ ಕಡೆಯಿಂದ" ಎಂದು ಒಬ್ಬರಿಗೆ ಹೇಳಿದರು. ಅದನ್ನು ಕೇಳಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಸಂತೆಯಲ್ಲಿ ತರಕಾರಿ ಕೊಂಡವರು ಕೊಸರು ಕೇಳಿದರೆ ಎರಡು ಎಸಳು ಕರಿಬೇವು ಚೀಲಕ್ಕೆ ಎಸೆಯುತ್ತಾರಲ್ಲ, ನನ್ನ ಕೆಲಸ ಹಾಗಾಗಿಹೋಯಿತು. ಅವರ ನೀರಿಗೆ ರೇಟು, ಅವರ ಸೋಪಿಗೆ ರೇಟು, ನನ್ನ ಭುಜಕ್ಕೆ ಮಾತ್ರ ಏನೂ ಇಲ್ಲ.

"ಹಿಂಗೆಲ್ಲ ಪುಕ್ಸಟ್ಟೆ ಕೊಡ್ಬೇಡ್ರಿ" ಎಂದೆ.

"ಲೇ, ನಿಂಗೇನ್ ಖರ್ಚೇ? ಒಂಚೂರು ಪೇಪರು, ಒಂಚೂರು ಕಾಂಪೌಂಡು. ಕೈಕೆಲ್ಸ ತಾನೇ? ಹೆಂಗಿದ್ರೂ ಇಲ್ಲೇ ಇರ್ತೀಯ."

ಹೆಂಗಿದ್ರೂ ಇಲ್ಲೇ ಇರ್ತೀಯ! ಈ ಮಾತು ನನಗೆ ಮೈಯೆಲ್ಲ ಉರಿ ಹತ್ತಿಸಿತು. ಇಲ್ಲೇ ಇರುವುದು ನಾನೊಬ್ಬಳೇ ಏನು? ಅವರೂ ಇಲ್ಲೇ ಇರುತ್ತಾರೆ, ಅವರ ಪಂಪೂ ಇಲ್ಲೇ ಇರುತ್ತದೆ, ಅದಕ್ಕೆಲ್ಲ ದುಡ್ಡು ತೆಗೆದುಕೊಳ್ಳುವುದಿಲ್ಲವೇ? ಕೇಳಿದೆ. ಅವರು ಪೈಪು ಹಿಡಿದುಕೊಂಡು ಆ ಕಡೆ ಹೋದರು. ಇದು ಹೀಗೇ ಮುಂದುವರಿದರೆ ಇನ್ನು ಜನ್ಮದಲ್ಲಿ ನನ್ನ ಕೆಲಸಕ್ಕೆ ಬೆಲೆ ಅನ್ನುವುದು ಇರುವುದಿಲ್ಲ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಅಂಥ ದಿನಗಳಲ್ಲೇ ಅಜ್ಜಂಪುರದ ಆ ಈರುಳ್ಳಿ ವ್ಯಾಪಾರಿ ಬಂದರು. ದೊಡ್ಡ ಮನುಷ್ಯರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಕಾರು. ಎಲ್ಲರೂ ಅವರನ್ನು ಯಜಮಾನ್ರು ಎಂದೇ ಕರೆಯುವುದು. ಕಡೂರಿಗೆ ಬಂದಾಗಲೆಲ್ಲ ಕಾರನ್ನು ನಮ್ಮಲ್ಲೇ ತೊಳೆಸುತ್ತಿದ್ದರು. ಅವತ್ತು ನಮ್ಮ ಮನೆಯವರು ಅವರು ಕೇಳುವ ಮೊದಲೇ, "ಲೈಟ್ ಮಬ್ಬಾಗವೆ ಯಜಮಾನ್ರೇ, ಕೂತ್ಕೊಳಿ, ನಮ್ಮವಳು ಮಾಡ್ಕೊಡ್ತಾಳೆ. ಅದುಕ್ಕೇನೂ ಕೊಡ್ಬೇಡಿ" ಎಂದುಬಿಟ್ಟರು. ಹೊರಗಿನವರ ಎದುರು ಗಂಡನ ಮಾತು ತೆಗೆದುಹಾಕುವುದು ಹೇಗೆ? ಹಲ್ಲು ಕಚ್ಚಿಕೊಂಡು ಎಡಗಡೆಯ ಲೈಟಿಗೆ ಟೇಪು ಅಂಟಿಸಿದೆ.

ಒರಟು ಪೇಪರು ಹಾಕಿದಾಗ ಲೈಟು ಮೊದಲಿಗಿಂತ ಕೆಟ್ಟದಾಗಿ, ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಅದು ಹಾಗೇ ಆಗಬೇಕು. ಸರಿಯಾಗಿ ಅದೇ ಹೊತ್ತಿಗೆ ಯಜಮಾನರು ಟೀ ಲೋಟ ಹಿಡಿದು ಹತ್ತಿರ ಬಂದರು.

"ಅಯ್ಯಯ್ಯೋ! ಏನ್ ತಾಯಿ, ಹಾಳ್ ಮಾಡ್ಬಿಟ್ಯಲ್ಲ! ಕಾರು ಕಣಮ್ಮ ಇದು, ಬಾಣ್ಲೆ ಅಲ್ಲ!"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಪೈಪು ಬಿಸಾಕಿ ಓಡಿಬಂದರು. "ತಪ್ಪಾಯ್ತು ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ, ಏನಾರ ಹೆಚ್ಚುಕಮ್ಮಿ ಆಗಿದ್ರೆ ನಾನು ಸರಿ ಮಾಡುಸ್ಕೊಡ್ತೀನಿ" ಎಂದು ಕೈಮುಗಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಎಷ್ಟು ಸಲ ನೋಡಿದ್ದಾರೆ ನಾನು ಈ ಕೆಲಸ ಮಾಡುವುದನ್ನು! ಬೆಳ್ಳಗಾಗುತ್ತದೆ ಎಂದು ಅವರಿಗೆ ಗೊತ್ತು, ಚೆನ್ನಾಗಿಯೇ ಗೊತ್ತು. ಆದರೂ ದೊಡ್ಡವರು ಜೋರು ಮಾಡಿದ ಕೂಡಲೇ ತಪ್ಪು ನನ್ನದೇ ಆಗಿಹೋಯಿತು. ಆಗ ಬಂದ ಸಿಟ್ಟು ಈಗ ಬರೆಯುವಾಗಲೂ ಬರುತ್ತಿದೆ.

ನಯದ ಪೇಪರು ಹಾಕಿದೆ, ಪಾಲಿಶ್ ಮಾಡಿದೆ, ಕೋಟಿಂಗು ಹೊಡೆದೆ, ಒಣಗಲು ಬಿಟ್ಟು ಟೇಪು ಕಿತ್ತೆ. ಲೈಟಿನೊಳಗಿನ ಬಲ್ಬು, ಅದರ ಹಿಂದಿನ ಕನ್ನಡಿ, ಎಲ್ಲ ಥಳಥಳ ಕಂಡಿತು. ಯಜಮಾನರು ಬಗ್ಗಿ ನೋಡಿ, ಬೆರಳಲ್ಲಿ ಮುಟ್ಟಲು ಹೋಗಿ, ನಾನು ಬೇಡ ಎಂದಾಗ ಕೈ ಹಿಂದಕ್ಕೆ ತೆಗೆದುಕೊಂಡು ಹೇಳಿದರು:

"ಹ್ಞೂಂ, ಪರ್ವಾಗಿಲ್ಲ. ಉಜ್ಜೋದು ತಾನೇ! ಇನ್ನೊಂದ್ನೂ ಬಿರ್ರನೆ ಉಜ್ಬಿಡು, ನಂಗ್ ಹೊತ್ತಾಯ್ತು."

ನಾನು ಮಿಷನ್ನು ಕೆಳಗಿಟ್ಟೆ. ಪ್ಲಗ್ಗು ಕಿತ್ತೆ.

"ಇದೊಂದು ನಮ್ಮನೆಯವ್ರು ನಿಮ್ಗೆ ಹಾಕಿದ ಕೊಸರು ಯಜಮಾನ್ರೇ. ಅವ್ರ ಮಾತು ಉಳಿಸ್ದೆ. ಇನ್ನೊಂದುಕ್ಕೆ ನಾನೂರು ರೂಪಾಯಿ."

"ಲೇ!" ಎಂದರು ನಮ್ಮ ಮನೆಯವರು.

"ಏನಪ್ಪಾ ಇದು, ನಿನ್ ಹೆಂಡ್ತಿ ಹಿಂಗಂತಾಳೆ?" ಎಂದು ಯಜಮಾನರು ಅವರನ್ನೇ ಕೇಳಿದರು. ನಾನು ಎದುರಿಗೆ ನಿಂತಿದ್ದೇನೆ, ಕಣ್ಣಿಗೆ ಕಾಣುವುದಿಲ್ಲವೋ ಏನೋ.

"ನನ್ನೇ ಕೇಳಿ ಯಜಮಾನ್ರೇ. ನಿಮ್ ಮಂಡೀಲಿ ಒಂದ್ ಮೂಟೆ ಈರುಳ್ಳಿ ತಗೊಂಡ್ರೆ ಇನ್ನೊಂದ್ ಮೂಟೆ ಕೊಸರು ಹಾಕ್ತೀರಾ?"

ಅವರ ಮುಖ ಕೆಂಪಾಯಿತು. ಕಾರು ತೊಳೆದ ದುಡ್ಡನ್ನು ನಮ್ಮ ಮನೆಯವರ ಕೈಗೆ ತುರುಕಿ, ಬಾಗಿಲು ಧಡ್ ಎಂದು ಹಾಕಿಕೊಂಡು ಹೊರಟೇಹೋದರು. ಒಂದು ಲೈಟು ಹೊಳೆಯುತ್ತಿತ್ತು, ಇನ್ನೊಂದು ಹಳೆಯ ಹಳದಿಯಲ್ಲೇ ಇತ್ತು.

ಮನೆಯಲ್ಲಿ ಮಾತು ನಿಂತಿತು. ಊಟಕ್ಕೆ ಬಡಿಸಿದರೆ ಉಣ್ಣುತ್ತಿದ್ದರು, ಉಂಡು ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ, "ಇನ್ ಅಜ್ಜಂಪುರದ್ ಒಂದ್ ಗಾಡೀನೂ ಬರಲ್ಲ ಕಣೇ ನಮ್ಮಲ್ಲಿಗೆ, ಸಮಾಧಾನ ಆಯ್ತಾ?" ಎಂದರು. "ಆಯ್ತು" ಎಂದೆ. ಸುಳ್ಳು ಅದು. ಒಳಗೊಳಗೇ ಭಯವಾಗುತ್ತಿತ್ತು. ಯಜಮಾನರು ಬಾರದೇ ಹೋದರೆ, ಗಿರಾಕಿ ಕಳೆದವಳು ಎಂಬ ಮಾತು ನನಗೆ ಅಂಟಿಕೊಂಡರೆ, ಇನ್ನು ಯಾವ ಬಾಯಲ್ಲಿ ರೇಟು ಕೇಳಲಿ? ಆದರೂ ಆ ಲೈಟನ್ನು ಮಾಡಿಕೊಡಬೇಕಿತ್ತು ಎಂದು ಒಂದು ಸಲವೂ ಅನ್ನಿಸಲಿಲ್ಲ.

ಅವರು ಬಂದರು. ಒಂದು ಬೆಳಿಗ್ಗೆ ಬಿಳಿ ಕಾರು ಬಂದು ನಿಂತಿತು. ಇಳಿದವರು ನನ್ನ ಕಡೆ ನೋಡದೆ ನಮ್ಮ ಮನೆಯವರ ಹತ್ತಿರ ಗೊಣಗಿದರು.

"ಮಂಡೀಲಿ ತಲೆ ಎತ್ತಂಗಿಲ್ಲ ಕಣಯ್ಯ. 'ಯಜಮಾನ್ರ ಕಾರು ಒಂದೇ ಕಣ್ಣಿಗೆ ಪೊರೆ ತೆಗ್ಸೈತೆ' ಅಂತ ಹಮಾಲ್ರೆಲ್ಲ ನಗ್ತಾವ್ರೆ. ಕತ್ಲಾದ್ಮೇಲೆ ಬಲಗಡೆ ಏನೂ ಕಾಣಲ್ಲ ಅಂತ ಈಗ ಗೊತ್ತಾಯ್ತಾ ಐತೆ. ಮೊದ್ಲು ಎರಡೂ ಮಬ್ಬಿತ್ತಲ್ಲ, ಗೊತ್ತೇ ಆಗಿರ್ಲಿಲ್ಲ."

ನಮ್ಮ ಮನೆಯವರ ಮುಖ ಅರಳಿತು. "ಅಯ್ಯೋ ಅದುಕ್ಕೇನಂತೆ ಯಜಮಾನ್ರೇ, ಕೂತ್ಕೊಳಿ, ನಾನ್ ಹೇಳ್ತೀನಿ ಅವಳಿಗೆ, ಹಂಗೇ..." ಎಂದು ಶುರು ಮಾಡಿದರು. ಆ ಮನುಷ್ಯನಿಗೆ ಬುದ್ಧಿ ಬರುವುದೇ ಇಲ್ಲವಲ್ಲ ಎಂದು ನನಗೆ ಮತ್ತೆ ಪಿತ್ತ ನೆತ್ತಿಗೇರಿತು.

"ನಾನೂರು" ಎಂದೆ, ಇದ್ದಲ್ಲಿಂದಲೇ.

ಯಜಮಾನರು ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು. "ಮಾಡಮ್ಮ" ಎಂದರು.

ಮಾಡಿದೆ. ಬೆಳ್ಳಗಾದಾಗ ಈ ಸಲ ಯಾರೂ ಕೂಗಲಿಲ್ಲ. ಮುಗಿದ ಮೇಲೆ ಯಜಮಾನರು ಕಾರಿನ ಮುಂದೆ ಒಂದಿಷ್ಟು ಹೊತ್ತು ನಿಂತು ಎರಡೂ ಲೈಟು ನೋಡಿ, ಜೇಬಿನಿಂದ ನಾನೂರು ರೂಪಾಯಿ ತೆಗೆದರು. ನಾನು ಕೈ ಚಾಚಿದೆ. ಅವರು ನನ್ನ ಕೈಯನ್ನು ದಾಟಿ ಹಿಂದೆ ನಿಂತಿದ್ದ ನಮ್ಮ ಮನೆಯವರ ಕಡೆ ನೋಟು ಚಾಚಿದರು. ನಮ್ಮ ಮನೆಯವರೂ ಅದೇ ಅಭ್ಯಾಸದಲ್ಲಿ ಕೈ ಮುಂದೆ ಮಾಡಿದರು.

"ಯಜಮಾನ್ರೇ, ಲೈಟ್ ಮಾಡಿದ್ದು ನಾನು" ಎಂದೆ.

ಅವರು ನಕ್ಕರು. "ಗಂಡನ್ ಕೈಗೆ ಕೊಟ್ರೇನು, ಹೆಂಡ್ತಿ ಕೈಗೆ ಕೊಟ್ರೇನು ತಾಯಿ? ಎರಡೂ ಒಂದೇ ಅಲ್ವಾ?"

"ಒಂದೇ ಆದ್ರೆ ನನ್ ಕೈಗೇ ಕೊಡಿ."

ಅವರ ನಗು ನಿಂತಿತು. ನೋಟು ಈ ಕಡೆ ತಿರುಗಿ ನನ್ನ ಅಂಗೈ ಮೇಲೆ ಬಿತ್ತು. ನಮ್ಮ ಮನೆಯವರು ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ, ಒದ್ದೆಯಾಗಿತ್ತೇನೋ ಎಂಬಂತೆ ಪ್ಯಾಂಟಿಗೆ ಒರೆಸಿಕೊಂಡರು.