ಸದ್ದು ನಿಂತರೆ ಸೋತಂತೆ

ನನ್ನ ತಮ್ಮನ ಎಡಗೈಯ ಎರಡು ಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅವು ಮುರಿದದ್ದು ಮುಂಬೈಯ ಕುರ್ಲಾದಲ್ಲಿ, ರಸ್ತೆಗಳು ಕೂಡುವ ಒಂದು ನಾಕಾದಲ್ಲಿ, ಭಾನುವಾರದ ಮಧ್ಯಾಹ್ನ, ಗಣಪತಿ ಮೂರ್ತಿಯನ್ನು ಮಂಟಪಕ್ಕೆ ತರುವ ಮೆರವಣಿಗೆಯಲ್ಲಿ. ನಾನು ಅವನಿಂದ ಒಂದು ತೋಳಿನ ದೂರದಲ್ಲಿದ್ದೆ. ದಾದರ್‌ನ ಕನ್ನಡ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿರುವುದರಿಂದ, ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೆರೆಸದೆ ಹೇಳುವುದು ಅಭ್ಯಾಸವಾಗಿದೆ. ಇಲ್ಲಿಯೂ ಹಾಗೆಯೇ ಮಾಡುತ್ತೇನೆ.

ನನ್ನ ತಮ್ಮ ಮೆರವಣಿಗೆಗಳಲ್ಲಿ ನುಡಿಸುವ ಒಂದು ಬ್ಯಾಂಜೊ ಪಾರ್ಟಿಯಲ್ಲಿ ಗಿಟಾರ್ ನುಡಿಸುತ್ತಿದ್ದ. ಬ್ಯಾಂಜೊ ಎಂಬ ಹೆಸರು ಉಳಿದಿದೆ ಅಷ್ಟೆ. ಈಗ ಟೆಂಪೊದ ಮೇಲೆ ಗಿಟಾರ್, ಕೀಬೋರ್ಡ್, ದನಿ ಹಿಗ್ಗಿಸುವ ಆಂಪ್, ಸ್ಪೀಕರ್, ಜನರೇಟರ್ ಇರುತ್ತವೆ. ಕೆಳಗೆ ಡೋಲಿನವರೂ, ಕೊರಳಿಗೆ ಕಟ್ಟಿಕೊಂಡ ಚಿಕ್ಕ ನಗಾರಿಯಂಥ ತಾಶಾ ಬಡಿಯುವವರೂ ನಡೆಯುತ್ತಾರೆ. ಟೆಂಪೊದ ಮುಂಗಾಜಿನ ಮೇಲೆ ಗಣೇಶೋತ್ಸವ ಮಂಡಳದ ಫ್ಲೆಕ್ಸ್ ಕಟ್ಟಿರುವುದರಿಂದ ಡ್ರೈವರನಿಗೆ ಎದುರಿನ ದಾರಿ ಅರ್ಧವೂ ಕಾಣುವುದಿಲ್ಲ. ಅವನು ಕಿವಿಯನ್ನು ನಂಬಿ ಗಾಡಿ ಓಡಿಸುತ್ತಾನೆ. ಸಂಗೀತ ನಡೆಯುತ್ತಿದ್ದರೆ ಮೊದಲ ಗೇರಿನಲ್ಲಿ ಅಂಗುಲ ಅಂಗುಲವಾಗಿ ಮುಂದಕ್ಕೆ, ಸಂಗೀತ ನಿಂತರೆ ಬ್ರೇಕ್. ಕ್ಯಾಬಿನ್ನಿನ ತಗಡು ಬಡಿದರೆ ಅವನು ನಿಲ್ಲಿಸುವುದಿಲ್ಲ, ಏಕೆಂದರೆ ಕುಣಿಯುವವರು ಅದನ್ನು ಬಡಿಯುತ್ತಲೇ ಇರುತ್ತಾರೆ.

ಇನ್ನೊಂದು ಕಟ್ಟಳೆಯೂ ಇತ್ತು. ಎರಡು ಮಂಡಳಗಳ ಮೆರವಣಿಗೆಗಳು ಎದುರುಬದುರಾದಾಗ ಯಾರ ಸಂಗೀತ ಮೊದಲು ನಿಲ್ಲುತ್ತದೋ ಅವರು ಸೋತಂತೆ.

ಬೆರಳು ಮುರಿದುದರ ಹಿಂದಿನ ವರ್ಷ ನಡೆದದ್ದು ನಾನು ಕೇಳಿ ತಿಳಿದದ್ದು. ತಮ್ಮನ ಗಿಟಾರಿಗೆ ಎರಡು ದನಿ ಬೇಕಾಗಿದ್ದವು. ಮೆರವಣಿಗೆ ನಡೆಯುವಾಗ ತಿಳಿಯಾದದ್ದು. ಕುಣಿಸುವಾಗ ಪಾರ್ಟಿಯವರು 'ಫಟಾ' ಎನ್ನುವ, ಹರಿದಂತೆ ಗರಗರ ಎನ್ನುವ ದನಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಅವನು ಕಾಲ ಬಳಿಯ ಪೆಟ್ಟಿಗೆಯಲ್ಲಿ ಇಡೀ ಜೋಡಣೆಯನ್ನೇ ಬದಲಿಸಬೇಕಿತ್ತು. ಪ್ರತಿಧ್ವನಿ, ದನಿಯ ಮಟ್ಟ ಎಲ್ಲವೂ ಒಟ್ಟಿಗೆ ಬದಲಾಗುವಾಗ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು ಸದ್ದು ತುಂಡಾಗುತ್ತಿತ್ತು. ಪಕ್ಕದ ಗಲ್ಲಿಯ ಮಂಡಳ ಎದುರಿಗೆ ನಿಂತಿದ್ದಾಗ ಅದು ತುಂಡಾಯಿತು. ಆ ಕಡೆಯವರು "ಬಂದ್ ಪಡ್ಲಾ!" ಎಂದು ಕೂಗಿದರು, ನಿಂತೇ ಹೋಯಿತು ಎಂದು. ಈ ಕಡೆಯವನೊಬ್ಬ ಧ್ವಜದ ಬಿದಿರು ಕಿತ್ತು ಕೂಗಿದವನ ಬಾಯಿಗೆ ಹೊಡೆದ. ಆಮೇಲೆ ಎಲ್ಲ ಧ್ವಜಗಳೂ ಬಿದಿರುಗಳಾದವು. ತಮ್ಮನಿಗೆ ತಾಳ ಹೇಳಿಕೊಟ್ಟ ನಡುವಯಸ್ಸಿನ ತಾಶಾದವನ ಒಂದು ಕಣ್ಣು ಹೋಯಿತು. ಎಲ್ಲರೂ ಭಾವೂ ಎಂದು ಕರೆಯುವ ನಮ್ಮ ಕಡೆಯ ಮಂಡಳದ ಮುಖಂಡ ಟೆಂಪೊ ಹತ್ತಿ, ಜನರೆದುರೇ ತಮ್ಮನ ಕಪಾಳಕ್ಕೆ ಹೊಡೆದ.

ಮನೆಗೆ ಬಂದ ತಮ್ಮ ಕಪಾಳದ ಮಾತು ಎತ್ತಲಿಲ್ಲ. ಕಣ್ಣಿನ ಮಾತನ್ನು ಮಾತ್ರ ತಿಂಗಳುಗಟ್ಟಲೆ ಆಡಿದ.

ಅವನ ಆಂಪ್‌ನಲ್ಲಿಯೇ ಎರಡು ಚಾನೆಲ್‌ಗಳಿದ್ದವು, ಒಂದು ತಿಳಿ, ಒಂದು ಫಟಾ. ಅವನು ಕಾಲ ಬಳಿಯ ಪೆಟ್ಟಿಗೆಯನ್ನು ಪ್ರತಿಧ್ವನಿಗೆ ಮಾತ್ರ ಉಳಿಸಿಕೊಂಡು, ಆಂಪ್‌ನ ಮುಂದಿನಿಂದ ತೆಗೆದು, ಆಂಪ್‌ನ ಬೆನ್ನಲ್ಲಿರುವ ಎರಡು ತೂತುಗಳ ನಡುವೆ ಸೇರಿಸಿದ. ಈಗ ಗಿಟಾರಿನ ಸದ್ದು ಮೊದಲು ಆಂಪ್‌ನೊಳಗೆ ತಿಳಿಯೋ ಫಟಾವೋ ಆಗಿ, ಆಮೇಲೆ ಪ್ರತಿಧ್ವನಿಗೆ ಹೋಗುತ್ತಿತ್ತು. ಕಾಲಿನ ಸ್ವಿಚ್ಚು ಬದಲಿಸುವುದು ಆಂಪ್‌ನ ದನಿಯನ್ನು ಮಾತ್ರ. ಪ್ರತಿಧ್ವನಿಯ ಒಂದು ತಿರುಪನ್ನೂ ಮುಟ್ಟಬೇಕಾಗಿರಲಿಲ್ಲ. ಹಳೆಯ ದನಿ ಇನ್ನೂ ಮೊಳಗುತ್ತಿರುವಾಗಲೇ ಹೊಸದು ಬಂದು ಸೇರಿಕೊಳ್ಳುತ್ತಿತ್ತು.

ಚಾಳಿನ ನಮ್ಮ ಒಂದೇ ಕೋಣೆಯಲ್ಲಿ, ರೊಟ್ಟಿ ಬಡಿಯುತ್ತಿದ್ದ ಅವ್ವನ ಬೆನ್ನ ಹಿಂದೆ, ಅವನು ಅದನ್ನು ಪರೀಕ್ಷೆ ಮಾಡಿದ.

"ಅವ್ವ, ಈ ಕಡೆ ನೋಡಬ್ಯಾಡ. ಎಲ್ಲಿ ತುಂಡಾತು, ಅಷ್ಟ ಹೇಳು."

ಅವ್ವ ಕೈ ನಿಲ್ಲಿಸಿ ಕೇಳಿದಳು. "ತುಂಡೆಲ್ಲಿ ಆತೋ? ಹಳೇದು ಇನ್ನ ಹೊಸ್ತಿಲಾ ದಾಟಿಲ್ಲ, ಹೊಸದು ಒಳಗ ಬಂದು ಕುಂತೈತಿ. ನಿಮ್ಮಪ್ಪನ ಕಡೆ ಬೀಗರಂಗ."

ಅವನಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ.

ಮಂಡಳ ಮರುವರ್ಷವೂ ಅದೇ ಪಾರ್ಟಿಯನ್ನು ಕರೆಯಿತು. ಗೊತ್ತುಮಾಡುವ ದಿನ ಭಾವೂ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಸದ್ದು ನಿಂತರೆ ಕೈ ಮುರಿಯುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ: "ಆವಾಜ್ ಬಂದ್ ಪಡ್ಲಾ ತರ್ ಹಾತ್ ತೋಡೀನ್." ಹೇಳುವಾಗ ನಕ್ಕಿದ್ದನಂತೆ. ಅವ್ವನಿಗೆ ಆ ನಗು ಹಿಡಿಸಲಿಲ್ಲ. ಮೆರವಣಿಗೆಯ ದಿನ ಟೆಂಪೊದ ಮೇಲೆ ನಿಲ್ಲಲು ನನ್ನನ್ನು ಕಳಿಸಿದಳು. ಪೇಪರಿನವಳು ಪಕ್ಕದಲ್ಲಿದ್ದರೆ ಕೈ ಮಾಡಲು ಅಂಜುತ್ತಾನೆ ಎಂಬುದು ಅವಳ ಲೆಕ್ಕ.

ಇನ್ನು ಮುಂದಿನದು ನಾನು ಕಂಡದ್ದು.

ಪಕ್ಕದ ಗಲ್ಲಿಯವರು ನಾಕಾದಲ್ಲಿ ಕಾಯುತ್ತಲೇ ಇದ್ದರು. ಎಲ್ಲರಿಗೂ ಹಳದಿ ಟೀ ಶರ್ಟು. ನಮ್ಮ ಟೆಂಪೊ ತಿರುವಿಗೆ ಬಂದಾಗ ತಮ್ಮನು ಕಾಲಿನ ಸ್ವಿಚ್ಚು ಒತ್ತಿದ. ತಿಳಿ ದನಿಯ ಕೊನೆಯ ಸ್ವರ ಇನ್ನೂ ಗಾಳಿಯಲ್ಲಿತ್ತು, ಅದರ ಮೇಲೆಯೇ ಫಟಾ ಎದ್ದಿತು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಕೆಳಗೆ ನಡೆಯುತ್ತಿದ್ದ ತಾಶಾದವನು ಉಳಿದ ಒಂದು ಕಣ್ಣಿನಿಂದ ಮೇಲೆ ನೋಡಿ ತಲೆದೂಗಿದ.

ಸದ್ದು ತುಂಡಾಗದಿದ್ದರೆ ಜಗಳವಾಗುವುದಿಲ್ಲ ಎಂದು ತಮ್ಮ ನಂಬಿದ್ದ. ಆದದ್ದು ಬೇರೆ. ಈ ಕಡೆ ನಿಲ್ಲಲಿಲ್ಲ, ಆ ಕಡೆಯೂ ನಿಲ್ಲಲಿಲ್ಲ. ನಿಲ್ಲದಿದ್ದಾಗ ಹಿಂದೆ ಸರಿಯಲು ಯಾರಿಗೂ ನೆಪ ಸಿಗಲಿಲ್ಲ. ಹಿಂದಿನವರು ಮುಂದಿನವರನ್ನು ತಳ್ಳಿದರು. ಕುಣಿತದ ಮೊಣಕೈಗಳು ಮುಖಗಳಿಗೆ ತಾಗತೊಡಗಿದವು. ಒಬ್ಬನ ಹಲ್ಲು ಒಡೆದು ರಕ್ತ ಗದ್ದಕ್ಕಿಳಿದಿತ್ತು, ಅವನು ಕುಣಿಯುತ್ತಲೇ ಇದ್ದ. ಒಂದು ಬಾಟಲಿ ಬಂದು ಸ್ಪೀಕರಿಗೆ ಬಡಿದು ಚೂರಾಯಿತು. ನಮ್ಮ ಡೋಲಿನವನ ಕಿವಿಯನ್ನು ಹಳದಿ ಶರ್ಟಿನವನೊಬ್ಬ ಹಿಡಿದು ಜಗ್ಗಿದ. ಡೋಲಿನವನು ತಾಳ ಬಿಡದೆ ಹಣೆಯಿಂದ ಅವನ ಮೂಗಿಗೆ ಗುದ್ದಿದ.

ಹಳದಿ ಶರ್ಟಿನ ಇನ್ನೊಬ್ಬ ನಮ್ಮ ಟೆಂಪೊದ ಎಡಚಕ್ರದ ಮುಂದೆ ಅಂಗಾತ ಬಿದ್ದ. ಎದ್ದೇಳಲು ಜಾಗವಿರಲಿಲ್ಲ. ಅವನ ಹೊಟ್ಟೆಯ ಮೇಲೆ ಜನ ಗೊತ್ತಿಲ್ಲದೆ ಕಾಲಿಡುತ್ತಿದ್ದರು, ಟೆಂಪೊ ಅಂಗುಲ ಅಂಗುಲವಾಗಿ ಅವನತ್ತ ಹೋಗುತ್ತಿತ್ತು. ಕ್ಯಾಬಿನ್ನಿನ ಹಿಂದೆ ಎತ್ತರದಲ್ಲಿ ನಿಂತಿದ್ದ ನಾವಿಬ್ಬರೂ ಅದನ್ನು ಕಂಡೆವು. ನಾನು ಎರಡೂ ಕೈಯಿಂದ ತಗಡು ಬಡಿದೆ. ಬಡಿಯುವ ಹತ್ತಾರು ಕೈಗಳಲ್ಲಿ ನನ್ನವೂ ಸೇರಿಕೊಂಡವು. ತಮ್ಮನು ತಂತಿಗಳಿಂದ ಕೈ ಎತ್ತಿದ. ಆದರೆ ಪ್ರತಿಧ್ವನಿ ಅವನು ಜೋಡಿಸಿದಂತೆಯೇ ಮೊಳಗುತ್ತ ಹೋಯಿತು, ಕೀಬೋರ್ಡಿನವನೂ ಡೋಲಿನವರೂ ಅದರ ಮೇಲೆ ನುಡಿಸುತ್ತ ಹೋದರು. ಸದ್ದು ನಿಲ್ಲಲಿಲ್ಲ, ಡ್ರೈವರನೂ ನಿಲ್ಲಿಸಲಿಲ್ಲ.

ತಮ್ಮ ಬಗ್ಗಿ ಜನರೇಟರಿನಿಂದ ಬಂದ ಮುಖ್ಯ ವೈರನ್ನು ಹಿಡಿದು ಕಿತ್ತ.

ಗಿಟಾರ್, ಕೀಬೋರ್ಡ್, ಸ್ಪೀಕರ್ ಎಲ್ಲ ಒಂದೇ ಸಲಕ್ಕೆ ಸತ್ತವು. ಮೇಲಿನ ಸದ್ದು ಹೋದೊಡನೆ ಡೋಲುಗಳೂ ನಿಂತವು. ಟೆಂಪೊ ಗಕ್ಕನೆ ನಿಂತಿತು. ಚಕ್ರ ಬಿದ್ದವನ ಅಂಗಿಯ ಅಂಚನ್ನು ನೆಲಕ್ಕೆ ಒತ್ತಿಕೊಂಡಿತ್ತು.

"ಬಂದ್ ಪಡ್ಲಾ!"

ಆ ಕಡೆಯವರ ಈ ಕೂಗಿಗೆ ಬಿದಿರುಗಳು ಎದ್ದವು. ತಾಶಾದವನು ಬಿದ್ದವನ ಮೇಲೆ ಬಾಗಿ, ತನ್ನ ತಾಶಾವನ್ನೇ ಗುರಾಣಿಯಂತೆ ತಲೆಯ ಮೇಲೆ ಹಿಡಿದು, ಅವನನ್ನು ತೋಳು ಹಿಡಿದು ಎಳೆಯುತ್ತಿದ್ದ. ಅದರ ಮೇಲೆ ಏಟುಗಳು ಬಿದ್ದು ಚರ್ಮ ಹರಿಯಿತು. ಅಷ್ಟರಲ್ಲಿ ಭಾವೂ ಟೆಂಪೊ ಹತ್ತಿದ್ದ. ಅವನ ಇಬ್ಬರು ಜನ ತಮ್ಮನನ್ನು ಹಿಂದಿನಿಂದ ಹಿಡಿದರು. ಚಕ್ರದ ಕೆಳಗೆ ಮನುಷ್ಯ ಬಿದ್ದಿದ್ದಾನೆ ಎಂದು ತಮ್ಮ ಹಿಂದಿಯಲ್ಲಿ ಹೇಳಿದ. ಭಾವೂ ಬಗ್ಗಿ ನೋಡಿದ. ಹಳದಿ ಶರ್ಟನ್ನು ಕಂಡ ಮೇಲೆ ಅವನ ಮುಖ ಇನ್ನಷ್ಟು ಬಿಗಿಯಾಯಿತು. ತಮ್ಮನ ಎಡಗೈಯನ್ನು ಟೆಂಪೊದ ಕಬ್ಬಿಣದ ಅಂಚಿಗೆ ಒತ್ತಿ, ಡೋಲಿನ ದಪ್ಪ ಕೋಲಿನಿಂದ ಹೊಡೆದ. ಮೊದಲ ಏಟು ಕಬ್ಬಿಣಕ್ಕೂ ತಾಗಿತು. ಎರಡನೆಯದು ಬೆರಳುಗಳಿಗೆ ಮಾತ್ರ.

ನಾನು ಅವನ ತೋಳಿಗೆ ಜೋತುಬಿದ್ದು, ಪತ್ರಿಕೆಯವಳು ಎಂದೆ. ಅವನು ಕೊಡವಿಕೊಂಡ. ನಾನು ಆಂಪ್‌ನ ಮೇಲೆ ಹೋಗಿ ಬಿದ್ದೆ. ಅವನ ದನಿ ಏರಿರಲಿಲ್ಲ. ನನ್ನನ್ನು ಮರಾಠಿಯಲ್ಲಿ ಅಕ್ಕ ಎಂದೇ ಕರೆದು, ಬರಿ, ಸರಿಯಾಗಿ ಬರಿ ಎಂದ: "ತಾಈ, ಲಿಹಾ. ನೀಟ್ ಲಿಹಾ."

ಆಸ್ಪತ್ರೆಯಿಂದ ನಾನು ಕಚೇರಿಗೆ ಫೋನ್ ಮಾಡಿದೆ. ನನ್ನ ತಮ್ಮ ಇದರಲ್ಲಿದ್ದಾನೆ, ಆದ್ದರಿಂದ ಸುದ್ದಿ ನಾನು ಬರೆಯುವಂತಿಲ್ಲ ಎಂದೆ. ಸಹೋದ್ಯೋಗಿಯೊಬ್ಬರು ಮಂಡಳದವರನ್ನು ವಿಚಾರಿಸಿ ಬರೆದರು. ಮರುದಿನ ಒಳಪುಟದಲ್ಲಿ ಬಂತು: ತಾಂತ್ರಿಕ ದೋಷದಿಂದ ಸಂಗೀತ ನಿಂತಾಗ ಎರಡು ಮಂಡಳಗಳ ನಡುವೆ ಘರ್ಷಣೆ.

ಅದೇ ಮಾತನ್ನು ಹಿಡಿದುಕೊಂಡು ಭಾವೂ ತಾಶಾದವನನ್ನು ತಮ್ಮನಿದ್ದ ವಾರ್ಡಿಗೆ ಕಳಿಸಿದ್ದ. ದೋಷವಾದರೆ ಅದು ಸೋಲಲ್ಲ. ವೈರ್ ತಾನಾಗಿ ಕಳಚಿತು ಎಂದು ತಮ್ಮ ಪೊಲೀಸರಿಗೆ ಹೇಳಿ, ಕೈ ಮುರಿದ ದೂರನ್ನು ಕೈಬಿಟ್ಟರೆ, ಮುಂದೆ ಯಾರೂ ಅವನ ತಂಟೆಗೆ ಬರುವುದಿಲ್ಲ. ತಾಶಾದವನು ಇದನ್ನೆಲ್ಲ ನೆಲ ನೋಡಿಕೊಂಡು ಹೇಳಿದ. ಅವನ ಮುಂಗೈಗೂ ಪಟ್ಟಿ ಸುತ್ತಿತ್ತು.

"ಬೋಲ್ ದೇ ಬೇಟಾ, ವೈರ್ ನಿಕಲ್ ಗಯಾ." ವೈರ್ ಕಳಚಿತು ಎಂದು ಹೇಳಿಬಿಡು ಮಗನೇ ಎಂದ.

"ಚಾಚಾ," ಎಂದ ತಮ್ಮ, "ಮೇರಾ ವೈರ್ ನಹೀ ನಿಕಲ್ತಾ," ನಾನು ಜೋಡಿಸಿದ ವೈರ್ ಕಳಚುವುದಿಲ್ಲ ಎಂದು.

ತಾಶಾದವನು, ತಾನು ಹೇಳಬೇಕಾದ್ದನ್ನು ಹೇಳಿಯಾಯಿತು ಎಂದ. ಆಮೇಲೆ ಮೂಸಂಬಿ ಸುಲಿದು ಒಂದೊಂದೇ ತೊಳೆಯನ್ನು ತಮ್ಮನ ಬಾಯಿಗಿಟ್ಟ.

ಅವನು ಹೋದ ಮೇಲೆ ತಮ್ಮ ನನ್ನತ್ತ ತಿರುಗಿದ. "ಅಕ್ಕಾ, ನಿಮ್ಮ ಪೇಪರ್‌ನ್ಯಾಗ ದೋಷ ಅಂತ ಹಾಕ್ಯಾರ. ಯಾವ ದೋಷ? ಅದು ನಿಂದರಲಿಲ್ಲ. ನಾ ಕಿತ್ತೀನಿ."

ಪತ್ರಿಕೆಯಲ್ಲಿ ತಿದ್ದುಪಡಿ ಬಂದರೆ ಭಾವೂನ ಕಡೆಯವರು ಏನು ಮಾಡಬಹುದೆಂದು ಅವನಿಗೆ ಹೇಳಿದೆ. ಅವ್ವನಿಗೂ ಹೇಳಿದೆ. ಅವ್ವ, ಬೆರಳು ಅವನವು, ಅವನು ಹೇಳಿದಂತೆ ಆಗಲಿ ಎಂದಳು. ಅವನು ಪೊಲೀಸರಿಗೂ ಹಾಗೆಯೇ ಹೇಳಿಕೆ ಕೊಟ್ಟ. ಡ್ರೈವರನೂ, ಸದ್ದು ನಿಂತಿತು, ಅದಕ್ಕೇ ಬ್ರೇಕ್ ಒತ್ತಿದೆ ಎಂದು ಹೇಳಿದ. ಸಂಪಾದಕರು ಎರಡೂ ಹೇಳಿಕೆಗಳನ್ನು ತರಿಸಿಕೊಂಡು ಓದಿದರು. ತಿದ್ದುಪಡಿ ಒಂದೇ ವಾಕ್ಯದಲ್ಲಿ ಬಂತು: ಸಂಗೀತ ನಿಂತದ್ದು ತಾಂತ್ರಿಕ ದೋಷದಿಂದಲ್ಲ, ಚಕ್ರದಡಿ ಸಿಲುಕುತ್ತಿದ್ದವನನ್ನು ಉಳಿಸಲು ಗಿಟಾರ್ ವಾದಕ ವಿದ್ಯುತ್ ವೈರನ್ನು ಕಿತ್ತಿದ್ದರಿಂದ.

ಅದು ಅಚ್ಚಾದ ದಿನ ಮಧ್ಯಾಹ್ನ ನಮ್ಮ ತಗಡಿನ ಮಾಡಿನ ಮೇಲೆ ಕಲ್ಲೊಂದು ಬಿದ್ದು, ತಗಡನ್ನು ಸೀಳಿಕೊಂಡು ರೊಟ್ಟಿ ಬಡಿಯುವ ಜಾಗಕ್ಕೆ ಬಂತು. ಅವ್ವ ಆಗತಾನೆ ನೀರಿಗೆಂದು ಎದ್ದುಹೋಗಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ತಮ್ಮ ಆ ಕಲ್ಲನ್ನು ಬಲಗೈಯಿಂದ ಎತ್ತಿ ತೂಗಿ ನೋಡಿದ. ಆಂಪ್‌ನ ಒಂದು ಗಾಲಿ ಸಡಿಲವಾಗಿ, ಕಾಲಿನ ಸ್ವಿಚ್ಚು ಒತ್ತಿದಾಗಲೆಲ್ಲ ಅದರ ವೈರಿನ ಎಳೆತಕ್ಕೆ ಆಂಪ್ ಸರಿಯುತ್ತಿತ್ತು. ಕಲ್ಲನ್ನು ಆ ಗಾಲಿಗೆ ಒತ್ತಿಟ್ಟ. ಈಗಲೂ ಅದು ಅಲ್ಲೇ ಇದೆ.